ಮೊದಲು ಬೀಸುಕಲ್ಲು, ಆಮೇಲೆ ಮಷೀನು

ಹೋದ ವಾರ ತಂಗಿ ಮಗನ ಹೊಸ ಮನೆಗೆ ಹೋಗಿದ್ದೆ. ಜೇವರ್ಗಿ ರಸ್ತೆ ಕಡೆ ಮನೆ. ಅಡುಗೆ ಕಟ್ಟೆ ಮೇಲೆ ಫಳಫಳ ಹೊಳೆಯುವ ಎಸ್ಪ್ರೆಸೊ ಮಷೀನು ಇಟ್ಟಿದ್ದಾನೆ, ಬಿಸಿ ನೀರನ್ನು ಒತ್ತಡದಿಂದ ಪುಡಿಯೊಳಗೆ ನುಗ್ಗಿಸಿ ಗಟ್ಟಿ ಕಾಫಿ ಇಳಿಸುವಂಥದ್ದು. ಅದರ ಪಕ್ಕ ಏನಿತ್ತು ಗೊತ್ತಾ? ಚಟ್ನಿ ಅರೆಯುವ ಮಿಕ್ಸಿ. ಅದರ ಸಣ್ಣ ಜಾರಿಗೆ ಕಾಫಿ ಬೀಜ ಸುರಿದು ಗರ್ ಅನ್ನಿಸಿದ. ಆ ಪುಡಿಯನ್ನೇ ಮಷೀನಿಗೆ ತುಂಬಿದ. ಬಂದದ್ದು ಹುಳಿ ಹುಳಿ ನೀರು. ಒಂದು ಗುಟುಕು ಕುಡಿದು ಮುಖ ಕಿವುಚಿ, "ದೊಡ್ಡವ್ವ, ಮಷೀನೇ ಸರಿ ಇಲ್ಲ ನೋಡ್ರಿ, ವಾಪಸ್ ಕೊಡ್ತೀನಿ" ಅಂತಾನೆ. ನನಗೆ ಸಿಟ್ಟು ತಡೆಯಲಿಲ್ಲ. ಮಷೀನು ಏನು ಮಾಡೀತು? ಇವನೊಬ್ಬನೇ ಅಲ್ಲ, ನಮ್ಮ ಓಣಿಯಲ್ಲೂ ಹೀಗೆ ಮಾಡುವವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ಚಹಾದ ಮನೆ. ಕಲಬುರಗಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಚಹಾನೇ ಅಲ್ವಾ. ಆದರೆ ನಮ್ಮ ಮನೆಯವರಿಗೆ ಬ್ಯಾಂಕಿನ ಕೆಲಸ, ಏಳು ವರ್ಷ ಚಿಕ್ಕಮಗಳೂರಿನಲ್ಲಿದ್ದೆವು. ಅಲ್ಲಿ ಪಕ್ಕದ ಮನೆಯಾಕೆ ಕಾಫಿ ಬೀಜವನ್ನು ಮೂಸಿ ನೋಡಿಯೇ ಹುರಿದು ಎಷ್ಟು ದಿನ ಆಯಿತು ಅಂತ ಹೇಳುತ್ತಿದ್ದರು. ನನ್ನ ಮೂಗು ತಯಾರಾದದ್ದು ಅವರ ಹತ್ತಿರ. ಊರಿಗೆ ವಾಪಸ್ ಬಂದ ಮೇಲೆ ಮಗ ಮಷೀನು ಕೊಡಿಸಿದ. ಒಂಬತ್ತು ವರ್ಷ ಆಯಿತು. ನಡುವೆ ಒಂದು ಸಲ ರಬ್ಬರ್ ವಾಷರ್ ಬದಲಿಸಿದ್ದು ಬಿಟ್ಟರೆ ಇವತ್ತಿಗೂ ಗಟ್ಟಿಯಾಗಿದೆ.

ದುಡ್ಡು ಹಾಕುವುದಿದ್ದರೆ ಮೊದಲು ಕಾಫಿ ಬೀಜ ಬೀಸುವ ಗ್ರೈಂಡರಿಗೆ ಹಾಕಿ. ನೂರು ರೂಪಾಯಿ ಇದ್ದರೆ ಅರ್ಧಕ್ಕೆ ಕಡಿಮೆ ಇಲ್ಲದಂತೆ ಅದಕ್ಕೇ ಹೋಗಲಿ. ನಮ್ಮವ್ವ ಮನೆಯಲ್ಲಿ ತೊಗರಿ ಒಡೆಯುವಾಗ ಬೀಸುಕಲ್ಲಿನ ನಡುವಿನ ಗೂಟಕ್ಕೆ ಬಟ್ಟೆಯ ಸಿಂಬಿ ಸುತ್ತಿ ಮೇಲಿನ ಕಲ್ಲನ್ನು ಸ್ವಲ್ಪ ಎತ್ತರಿಸುತ್ತಿದ್ದಳು. ಹಿಟ್ಟು ಬೇಕಾದಾಗ ಆ ಸಿಂಬಿ ತೆಗೆಯುತ್ತಿದ್ದಳು. ಎರಡು ಕಲ್ಲಿನ ನಡುವೆ ಎಷ್ಟು ಸಂದೋ ಕಾಳು ಅಷ್ಟೇ ಸಣ್ಣ. ಬರ್ ಗ್ರೈಂಡರ್ ಅಂದರೆ ಇದೇ ಬೀಸುಕಲ್ಲು, ಕಲ್ಲಿನ ಬದಲು ಉಕ್ಕಿನ ಹಲ್ಲು. ಮಿಕ್ಸಿಯ ಬ್ಲೇಡು ಬೀಸುವುದಿಲ್ಲ, ಸಿಕ್ಕಲ್ಲಿ ಹೊಡೆಯುತ್ತದೆ. ಒಂದು ಕಡೆ ಧೂಳು, ಒಂದು ಕಡೆ ರವೆ. ಧೂಳು ಕಹಿ ಬಿಡುತ್ತದೆ, ರವೆ ಹುಳಿ ಬಿಡುತ್ತದೆ. ಎರಡೂ ಒಂದೇ ಬಟ್ಟಲಿಗೆ ಬಿದ್ದರೆ ಯಾರು ಕುಡಿಯಬೇಕು?

ಬರ್ ಗ್ರೈಂಡರಿನಲ್ಲೂ ನೋಡಿ ತಗೊಳ್ಳಿ. ಫಿಲ್ಟರ್ ಕಾಫಿಗೆ ಸಾಕು ಅನ್ನುವಂಥದ್ದು ಎಸ್ಪ್ರೆಸೊಗೆ ಸಾಲದು. ಸೆಟ್ಟಿಂಗು ಕೂದಲೆಳೆಯಷ್ಟು ಸರಿಯುವಂತಿರಬೇಕು. ಒಂದು ಮೆಟ್ಟಿಲು ಸಣ್ಣ ಮಾಡಿದರೆ ಕಾಫಿ ಇಳಿಯೋದೇ ನಿಂತು, ಒಂದು ದಪ್ಪ ಮಾಡಿದರೆ ಸುರಿದು ಹೋದರೆ ಅಂಥ ಗ್ರೈಂಡರ್ ಬೇಡ. ದಿನಕ್ಕೆ ಎರಡು ಲೋಟದ ಮನೆ ಆದರೆ ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಸಾಕು. ಇನ್ನೊಂದು ಮಾತು. ಸಣ್ಣಗೆ ಮಾಡುವಾಗ ಮೋಟಾರು ಓಡುತ್ತಿರಬೇಕು. ನಿಂತ ಗ್ರೈಂಡರನ್ನು ಬಿಗಿದರೆ ನಡುವೆ ಬೀಜ ಸಿಕ್ಕಿ ಹಲ್ಲು ಕಚ್ಚಿಕೊಳ್ಳುತ್ತದೆ.

ಮಷೀನಿನ ಡಬ್ಬಿ ಮೇಲೆ 15 ಬಾರ್, 20 ಬಾರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಬಾರ್ ಅಂದರೆ ಒತ್ತಡದ ಅಳತೆ, ಅದು ಪಂಪಿನ ತಾಕತ್ತು, ಅಷ್ಟೇ. ಕಾಫಿಗೆ ಬೇಕಾದದ್ದು 9 ಬಾರ್ ಹತ್ತಿರದ ಒತ್ತಡ. ಅದರ ಬದಲು ಪುಡಿ ಹಾಕುವ ಬಾಸ್ಕೆಟ್ ತಿರುಗಿಸಿ ತಳ ನೋಡಿ. ಒಂದೇ ಒಂದು ಸಣ್ಣ ತೂತು ಇದ್ದರೆ ಅದು ಎರಡು ಪದರದ್ದು, ಪುಡಿ ಹೇಗಿದ್ದರೂ ನೊರೆ ತೋರಿಸಿ ಮೋಸ ಮಾಡುತ್ತದೆ. ತಳದ ತುಂಬ ತೂತು ಇರುವ ಒಂದೇ ಪದರದ್ದು ಬೇಕು. ಬಾಸ್ಕೆಟ್ಟಿನ ಅಗಲ 58 ಮಿಲಿಮೀಟರ್ ಆದರೆ ಮುಂದೆ ಬಿಡಿ ಸಾಮಾನು ಸುಲಭವಾಗಿ ಸಿಗುತ್ತದೆ. ಪ್ಲಗ್ಗಿನ ವಿಷಯ ಯಾರೂ ಕೇಳುವುದೇ ಇಲ್ಲ. ಇವು ಸಾವಿರದ ಮುನ್ನೂರು, ಹದಿನಾಲ್ಕು ನೂರು ವ್ಯಾಟ್ ಎಳೆಯುತ್ತವೆ. ಫ್ಯಾನಿನ 6 ಆಂಪಿಯರ್ ಪಾಯಿಂಟಿಗೆ ಚುಚ್ಚಬೇಡಿ. ಗೀಸರಿಗೆ ಹಾಕುವಂಥ 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗು ಬೇಕೇ ಬೇಕು. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸುವ ಆಸೆ ಬಿಡಿ. ಕರೆಂಟ್ ಬರುವ ತನಕ ಚಹಾ ಕುಡಿಯಿರಿ.

ನೀರು. ನಮ್ಮ ಕಾಲ ಕೆಳಗೆ ಇರುವುದೇ ಸುಣ್ಣದ ಕಲ್ಲು. ನೆಲಕ್ಕೆ ಹಾಸುವ ಶಹಾಬಾದಿ ಪರಸಿ ಬರುವುದು ಅದರಿಂದ, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ನಡೆಯುವುದೂ ಅದರಿಂದಲೇ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಮಷೀನಿನ ಹೊಟ್ಟೆಯಲ್ಲೂ ಕಟ್ಟುತ್ತದೆ. ಹಾಗಂತ ಬರೀ ಆರ್‌ಓ ನೀರೂ ಬೇಡ. ರುಚಿ ಸಪ್ಪೆ ಆಗುತ್ತದೆ, ಕೆಲವು ಮಷೀನಿಗೆ ಒಳಗೆ ನೀರು ಇರುವುದೇ ಗೊತ್ತಾಗುವುದಿಲ್ಲ. ನಾನು ಆರ್‌ಓ ನೀರಿಗೆ ಸ್ವಲ್ಪ ನಳದ ಕುಡಿಯುವ ನೀರು ಬೆರೆಸುತ್ತೇನೆ. ಬೆರೆಸಿದ್ದನ್ನು ಒಂದು ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ದಿನ ಕಾಯಿಸಿ ನೋಡಿ. ಬೆರಳಿಗೆ ಬಿಳಿ ಹತ್ತಿದರೆ ನಳದ ನೀರು ಕಡಿಮೆ ಮಾಡಿ.

ಎರಡು ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರು ಓಡಿಸಿ ಒಳಗಿನ ಸುಣ್ಣ ತೆಗೆಯುತ್ತೀರಿ, ಸರಿ. ಆದರೆ ಆ ನೀರನ್ನು ಕಲ್ಲಿನ ಕಟ್ಟೆ ಮೇಲೆ ಚೆಲ್ಲಬೇಡಿ. ಶಹಾಬಾದಿಯಾಗಲಿ ಕಡಪ ಆಗಲಿ, ಅದೂ ಸುಣ್ಣದ ಕಲ್ಲೇ. ಹುಳಿ ಬಿದ್ದಲ್ಲಿ ಕಲ್ಲು ಸವೆದು ಮಂಕಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನೆಲ ಒರೆಸುವ ನೀರಿಗೆ ನಿಂಬೆ ಹಿಂಡುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಕೈ ಕಾಲು ಆಡುವುದಿಲ್ಲ. ಪರಸಿಗೆ ಬರೀ ನೀರು ಸಾಕು. ಜಿಡ್ಡು ಇದ್ದರೆ ಸ್ವಲ್ಪ ಸೋಪು, ಮುಗೀತು.

ಬೀಜ ಚಿಕೋರಿ ಇಲ್ಲದ್ದೇ ಬೇಕು. ಹುರಿದ ತಾರೀಖು ಚೀಟಿಯ ಮೇಲೆ ಇರಲಿ. ಹುರಿದು ಒಂದು ವಾರ ಬಿಟ್ಟು ಶುರು ಮಾಡಿ, ತಿಂಗಳ ಒಳಗೆ ಮುಗಿಸಿ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದಲ್ಲ, ಕಾಫಿಯೂ ಹಾಗೆ. ಅದಕ್ಕೇ ಬೀಸಿದ್ದನ್ನು ಬೀಸಿದ ಕೂಡಲೇ ಹಾಕಬೇಕು, ಡಬ್ಬಿ ತುಂಬಿ ಇಡಬಾರದು.

ಹದ ಕೂರಿಸುವುದಕ್ಕೆ ಮೊದಲ ವಾರ ಮಾತ್ರ ತಕ್ಕಡಿ ಇಟ್ಟುಕೊಳ್ಳಿ. 18 ಗ್ರಾಂ ಪುಡಿ, ಅದರ ಎರಡರಷ್ಟು, ಅಂದರೆ 36 ಗ್ರಾಂ ಡಿಕಾಕ್ಷನ್ನು, 25ರಿಂದ 30 ಸೆಕೆಂಡು. ಬೇಗ ಸುರಿದು ಹುಳಿಯಾದರೆ ಸಣ್ಣಗೆ ಬೀಸಿ. ತೊಟ್ಟಿಕ್ಕಿ ಕಹಿಯಾದರೆ ದಪ್ಪಗೆ ಬೀಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿಯ ತೂಕ, ಸೆಟ್ಟಿಂಗು ಎಲ್ಲ ಒಟ್ಟಿಗೆ ತಿರುವಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು? ಕೈಗೆ ರೂಢಿ ಆದ ಮೇಲೆ ತಕ್ಕಡಿ ಬೇಡ. ಬೆಲ್ಲದ ಪಾಕದ ಎಳೆಯ ಹಾಗೆ ಇಳಿಯುತ್ತಿದ್ದರೆ ಸರಿ ಇದೆ ಅಂತ ಕಣ್ಣೇ ಹೇಳುತ್ತದೆ.

ಈಗ ಸೂಜಿ, ಬಾಸ್ಕೆಟ್ಟಿಗೆ ಹಾಕಿದ ಪುಡಿಯ ಗಂಟು ಬಿಡಿಸುವುದಕ್ಕೆ. ಇದನ್ನು ಬಿಟ್ಟರೆ ಮೇಲಿನದೆಲ್ಲ ದಂಡ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆ ನೋಡಿದ್ದೀರಲ್ಲ. ಮೊದಲ ನೀರು ಬಿಟ್ಟರೆ ಅದು ಹೊಲವನ್ನು ನೆನೆಸುವುದಿಲ್ಲ, ಬಿರುಕು ಹಿಡಿದು ಕೆಳಗೆ ಹೋಗುತ್ತದೆ. ಕಾಫಿ ಪುಡಿಯಲ್ಲೂ ಹಾಗೇ. ಗ್ರೈಂಡರಿನಿಂದ ಬಿದ್ದ ಪುಡಿಯಲ್ಲಿ ಕಣ್ಣಿಗೆ ಕಾಣದ ಗಂಟು ಇರುತ್ತವೆ, ಒಂದು ಕಡೆ ಗುಡ್ಡೆ, ಒಂದು ಕಡೆ ಖಾಲಿ. ಅದರ ಮೇಲೆ ಒತ್ತಿಬಿಟ್ಟರೆ ಮೇಲೆ ಸಪಾಟು, ಒಳಗೆ ಬಿರುಕು. ಒತ್ತಡದ ನೀರು ಆ ಬಿರುಕನ್ನೇ ಹುಡುಕಿಕೊಂಡು ಹೋಗುತ್ತದೆ.

ಮಣಿ ಪೋಣಿಸುವ ತೆಳು ಸೂಜಿ ಐದಾರು ತಗೊಳ್ಳಿ. ಕೌದಿ ಹೊಲಿಯುವ ದಪ್ಪ ಸೂಜಿ ಆಗುವುದಿಲ್ಲ, ಅದು ಪುಡಿಯನ್ನು ಉಳುತ್ತದೆ, ಬಿಡಿಸುವುದಿಲ್ಲ. ಒಂದು ಬಿರಡೆಗೆ ಚೂಪಾದ ತುದಿ ಒಳಗೆ, ಕಣ್ಣಿರುವ ತುದಿ ಹೊರಗೆ ಬರುವ ಹಾಗೆ ಚುಚ್ಚಿ. ಒಂದಕ್ಕೊಂದು ತಾಗಬಾರದು, ತುದಿಗಳು ಸ್ವಲ್ಪ ಹರಡಿರಬೇಕು. ಪುಡಿ ಚೆಲ್ಲದಂತೆ ಬಾಸ್ಕೆಟ್ ಮೇಲೆ ಒಂದು ಬಳೆ ಬೇಕು. ಪ್ಲಾಸ್ಟಿಕ್ ಬಾಟಲಿಯ ಕತ್ತರಿಸಿದ ಸುತ್ತೂ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಒಣ ಗಾಳಿಗೆ ಪುಡಿ ಎಲ್ಲ ಕಡೆ ಹಾರಿ ಅಂಟುತ್ತದೆ. ಅದಕ್ಕೆ ಬೀಸುವ ಮೊದಲೇ ಚಮಚದ ಹಿಡಿಕೆಯನ್ನು ನೀರಲ್ಲಿ ಅದ್ದಿ ಬೀಜದಲ್ಲಿ ಎರಡು ಸುತ್ತು ಆಡಿಸಿ. ಅಷ್ಟು ಪಸೆ ಸಾಕು.

ಆಮೇಲೆ ಸೂಜಿಯನ್ನು ತಳಕ್ಕೆ ತಾಗುವ ತನಕ ಇಳಿಸಿ. ಅಲ್ಲಿಂದ ಶುರು. ಚಿಕ್ಕ ಚಿಕ್ಕ ಸುತ್ತು, ರಂಗೋಲಿಯ ಸುಳಿ ಬಿಟ್ಟ ಹಾಗೆ, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ. ಅವಸರ ಬೇಡ. ಅಂಚನ್ನು ಮರೆಯಬೇಡಿ, ನೀರು ಮೊದಲು ತಪ್ಪಿಸಿಕೊಳ್ಳುವುದು ಅಲ್ಲೇ. ತಳ ಹಗುರಾಯಿತು ಅನ್ನಿಸಿದ ಮೇಲೆ ಸೂಜಿಯನ್ನು ಅರ್ಧಕ್ಕೆ ಎತ್ತಿ ಅದೇ ಸುತ್ತು. ಕೊನೆಗೆ ಮೇಲಿನ ಪದರ ಮಾತ್ರ, ಹಾಲಿನ ಕೆನೆ ಸರಿಸಿದಷ್ಟು ಮೆಲ್ಲಗೆ. ಪುಡಿ ಆಗ ಗಾಳಿಸಿದ ಹಿಟ್ಟಿನ ಹಾಗೆ ಉಬ್ಬಿ ಸಮನಾಗಿರುತ್ತದೆ. ಕೆಳಗೆ ಒಂದು ಸಲ ಮೆಲ್ಲಗೆ ಕುಟ್ಟಿ, ಟ್ಯಾಂಪರ್, ಅಂದರೆ ಪುಡಿ ಒತ್ತುವ ಹಿಡಿಕೆಯ ಬಿಲ್ಲೆ, ನೆಟ್ಟಗೆ ಇಟ್ಟು ಒತ್ತಿ. ಪುಡಿ ಇನ್ನು ತಗ್ಗುವುದಿಲ್ಲ ಅಂದಾಗ ನಿಲ್ಲಿಸಿ. ಜಾಸ್ತಿ ಜೋರು ಮಾಡಿದರೆ ಲಾಭ ಇಲ್ಲ, ಓರೆಯಾದರೆ ನಷ್ಟ ಇದೆ. ಒತ್ತಿದ ಮೇಲೆ ಪಕ್ಕಕ್ಕೆ ಟಕ್ ಅಂತ ಬಡಿಯುವ ಚಟ ಕೆಲವರಿಗೆ. ಅಷ್ಟು ಹೊತ್ತು ಮಾಡಿದ್ದೆಲ್ಲ ಅಲ್ಲೇ ಬಿರಿಯುತ್ತದೆ!

ಆವತ್ತು ತಂಗಿ ಮಗನನ್ನು ಕರಕೊಂಡು ಬಂದು ನನ್ನ ಗ್ರೈಂಡರಿನಲ್ಲಿ ಬೀಸಿ, ಅವನ ಕೈಯಲ್ಲೇ ಸೂಜಿ ಆಡಿಸಿದೆ. ಕುಡಿದು ಸುಮ್ನೆ ಕೂತ. ಆಮೇಲೆ, "ಮತ್ತ ಒಂದು ಮಾಡ್ಲೇನ್ರಿ ದೊಡ್ಡವ್ವ?" ಅಂದ.

ಹಾಲಿನ ಕೆಲಸ ಸಣ್ಣದು. ಫ್ರಿಜ್ಜಿನ ತಣ್ಣನೆ ಹಾಲು, ನಮ್ಮ ಕಡೆಯ ಎಮ್ಮೆ ಹಾಲಾದರೂ ಸರಿ. ಮಷೀನಿನ ಉಗಿ ಕೊಳವೆಯನ್ನು ಹಾಲಿನ ಜಗ್ಗಿನಲ್ಲಿ ಅದ್ದಿ ಕಾಯಿಸಿ, ಜಗ್ಗಿನ ತಳ ಅಂಗೈ ತಡೆಯದಷ್ಟು ಬಿಸಿಯಾದ ಕೂಡಲೇ ನಿಲ್ಲಿಸಿ. ಉಗಿ ಕೊಳವೆಯನ್ನು ಆಗಿಂದಾಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಸಲ ಉಗಿ ಹೊರಗೆ ಬಿಡಿ. ಹಾಲು ಒಣಗಿ ಒಳಗೆ ಕೂತರೆ ಮರುದಿನ ವಾಸನೆ. ಸೂಜಿಯನ್ನೂ ಒರೆಸಿ ಕಾಫಿ ಡಬ್ಬಿಯ ಪಕ್ಕದಲ್ಲೇ ಇಡಿ. ಹೊಲಿಗೆ ಡಬ್ಬಿಗೆ ವಾಪಸ್ ಹಾಕಬೇಡಿ. ಕಾಫಿ ಎಣ್ಣೆ ಹತ್ತಿದ ಸೂಜಿ ಕಪ್ಪು ಕಲೆ ಮಾಡುತ್ತದೆ, ನನ್ನ ಒಂದು ಬಿಳಿ ಕುಪ್ಪಸ ಹಾಗೇ ಹೋಯಿತು.