ಹಿಮ್ಮಡಿ ನೋವು, ಎಕ್ಕದ ಎಲೆ, ಶಾಲೆಯ ಮೆಟ್ಟಿಲು

ನಾನು ಪಿ.ಟಿ. ಮೇಷ್ಟ್ರು. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಖೋಖೋ, ಕಬಡ್ಡಿ ಆಡಿಸುತ್ತೇನೆ. ಮಕ್ಕಳ ಕಾಲು ಉಳುಕಿದರೆ ಏನು ಮಾಡಬೇಕು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ನನ್ನದೇ ಹಿಮ್ಮಡಿ ಹಿಡಿದುಕೊಂಡಾಗ ಎಂಟು ತಿಂಗಳು ಬರೀ ತಪ್ಪನ್ನೇ ಮಾಡಿದೆ.

ಶುರುವಾಗಿದ್ದು ಜೂನ್‌ನಲ್ಲಿ. ಬೇಸಿಗೆ ರಜೆಯಲ್ಲಿ ಮಾವಿನಹಣ್ಣು ತಿಂದುಕೊಂಡು ಕೂತು ಐದು ಕೆಜಿ ಜಾಸ್ತಿಯಾಗಿದ್ದೆ. ಶಾಲೆ ಶುರುವಾದ ಮೊದಲ ವಾರವೇ ಅಡಿ ಸವೆದ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಮಕ್ಕಳ ಜೊತೆ ಓಡಲು ಇಳಿದೆ. ಹತ್ತು ದಿನ ಕಳೆದಿರಬೇಕು, ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟೆ ನೋಡಿ, ಬಲ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದುಕೊಂಡು ತುದಿಗಾಲಲ್ಲಿ ಬಚ್ಚಲಿಗೆ ಹೋದೆ. ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ನೋವು ಅರ್ಧ ಇಳಿಯಿತು. ಸಂಜೆ ಬಸ್ಸಿನಲ್ಲಿ ಕೂತು ಇಳಿಯುವಾಗ ಮತ್ತೆ ಅದೇ ಮೊಳೆ.

ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿಯಲ್ಲಿ ಸಣ್ಣದಾಗಿ ಮೂಳೆ ಬೆಳೆದಿದ್ದು ಕಾಣಿಸಿತು. ಸರಿ, ಊರೆಲ್ಲಾ ಆಪರೇಷನ್ ಮಾತು! ಆದರೆ ಡಾಕ್ಟರು ನಕ್ಕುಬಿಟ್ಟರು. ಇಂಥ ಮುಳ್ಳು ಒಂಚೂರೂ ನೋವಿಲ್ಲದ ಎಷ್ಟೋ ಜನರ ಕಾಲಲ್ಲೂ ಇರುತ್ತದಂತೆ. ನನ್ನ ತೊಂದರೆ ಪ್ಲಾಂಟರ್ ಫೇಸಿಯಾ ಅನ್ನೋ ಪಟ್ಟಿಯದು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಪಟ್ಟಿ ಅದು. ಮಲಗಿದಾಗ ಪಾದ ಕೆಳಕ್ಕೆ ಬಾಗಿ ಪಟ್ಟಿ ಸಡಿಲವಾಗಿ ಇರುತ್ತದೆ, ಬೆಳಿಗ್ಗೆ ಇಡೀ ಮೈ ಭಾರ ಒಮ್ಮೆಲೇ ಬಿದ್ದಾಗ ಜಗ್ಗುತ್ತದೆ. ಮೊದಲ ಹೆಜ್ಜೆಗೇ ಪ್ರಾಣ ಹೋಗೋದು ಅದಕ್ಕೇ.

ಅಮ್ಮನ ಔಷಧಿ ಬೇರೆ. "ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತೋ, ನಿಮ್ಮಪ್ಪಂಗೆ ಅದರಲ್ಲೇ ಹೋಗಿದ್ದು" ಅಂದಳು. ಮಾಡಿದೆ. ಹಿತ್ತಲಲ್ಲಿ ಸೌದೆ ಒಲೆ ಮೇಲೆ ಇಟ್ಟಿಗೆ ಕಾದು, ಎಲೆ ಇಟ್ಟ ಕೂಡಲೇ ಚುಂಯ್ ಅಂತ ಹಸಿ ವಾಸನೆ ಬರುತ್ತದೆ. ಅದರ ಮೇಲೆ ಹಿಮ್ಮಡಿ ಇಟ್ಟು ಎತ್ತಿ, ಇಟ್ಟು ಎತ್ತಿ ಮಾಡಿದರೆ ಆಹಾ ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಆ ರಾತ್ರಿ ಹಾಯಾಗಿ ನಿದ್ದೆ. ಬೆಳಿಗ್ಗೆ ಎದ್ದರೆ ಮೊಳೆ ಅಲ್ಲೇ ಇತ್ತು. ಶಾಖ ಆ ಹೊತ್ತಿಗೆ ಹಿತ ಕೊಡುತ್ತದೆ ಅಷ್ಟೇ, ಪಟ್ಟಿಯನ್ನು ಗಟ್ಟಿ ಮಾಡುವುದಿಲ್ಲ. ಹಾಂ, ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಕೈ ತೊಳೆಯದೆ ಕಣ್ಣು ಉಜ್ಜಬೇಡಿ.

ಆಮೇಲೆ ಎರಡು ತಿಂಗಳು ಓಡಾಟವನ್ನೇ ಬಿಟ್ಟೆ. ಕುರ್ಚಿ ಹಾಕಿಕೊಂಡು ಮೈದಾನದ ಅಂಚಲ್ಲಿ ಕೂತು ಸೀಟಿ ಊದಿದೆ. ನೋವು ಇಳಿಯಿತು. ಖುಷಿಯಾಗಿ ಎದ್ದು ಎರಡು ಸುತ್ತು ಓಡಿದೆ, ಮಾರನೇ ದಿನ ಮತ್ತೆ ಶುರು. ಇದನ್ನು ಮೂರು ಸಲ ಮಾಡಿದೆ ಅಂದರೆ ನನ್ನ ಬುದ್ಧಿ ಎಷ್ಟಿತ್ತು ನೋಡಿ.

ಫೆಬ್ರವರಿಯಲ್ಲಿ ಒಬ್ಬರು ಫಿಸಿಯೋಥೆರಪಿ ಮೇಡಂ ಸಿಕ್ಕರು. ಅವರು ಮೊದಲು ನೋಡಿದ್ದು ಕಾಲಲ್ಲ, ಶೂ. ಅಂಗೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿದರು. "ಇದು ಶೂ ಅಲ್ಲ ಸರ್, ಕಾಲುಚೀಲ" ಅಂದರು. ಮನೆಯೊಳಗೆ ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ಓಡಾಡೋದನ್ನೂ ಬಿಡಿಸಿದರು. ಒಳಗೆ ಚಪ್ಪಲಿ ಅಂದರೆ ನಮ್ಮನೆಯಲ್ಲಿ ಯುದ್ಧವೇ! ಹೊರಗೆ ಮೆಟ್ಟದ ಹೊಸ ಜೊತೆ ತಂದು, ದೇವರ ಕೋಣೆ, ಅಡುಗೆಮನೆ ಹತ್ತಿರ ಸುಳಿಯುವುದಿಲ್ಲ ಅಂತ ಮಾತು ಕೊಟ್ಟು ಮಂಚದ ಪಕ್ಕ ಇಟ್ಟುಕೊಂಡೆ.

ಬೆಳಿಗ್ಗೆ ಕಾಲು ಕೆಳಗಿಡುವ ಮೊದಲು ನೋವಿರೋ ಕಾಲನ್ನು ಇನ್ನೊಂದು ತೊಡೆ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಹತ್ತು ಎಣಿಸಿ ಬಿಡೋದು, ಹೀಗೆ ಹತ್ತು ಸಲ. ಇನ್ನೊಂದು ಕೈಯ ಹೆಬ್ಬೆರಳಿಂದ ಅಂಗಾಲು ಒತ್ತಿ ನೋಡಿದರೆ ಪಟ್ಟಿ ತಂತಿ ಹಾಗೆ ಬಿಗಿದಿರುವುದು ಗೊತ್ತಾಗುತ್ತದೆ. ಆಗಿದ್ದರೆ ಸರಿಯಾಗಿ ಎಳೆದಿದ್ದೀರಿ ಅಂತ.

ನಿಜವಾಗಿ ಕೆಲಸ ಮಾಡಿದ್ದು ಮೆಟ್ಟಿಲು. ಟವೆಲ್ ಸುರುಳಿ ಸುತ್ತಿ ಮೆಟ್ಟಿಲಿನ ಅಂಚಲ್ಲಿಟ್ಟು, ಬೆರಳುಗಳು ಮೇಲಕ್ಕೆ ಬಾಗುವ ಹಾಗೆ ಅದರ ಮೇಲಿಟ್ಟು, ಹಿಮ್ಮಡಿ ಗಾಳಿಯಲ್ಲಿ ಬಿಟ್ಟು ಒಂದೇ ಕಾಲಲ್ಲಿ ನಿಲ್ಲಬೇಕು. ಮೂರು ಸೆಕೆಂಡು ಮೇಲೆ, ಎರಡು ಸೆಕೆಂಡು ಅಲ್ಲೇ, ಮೂರು ಸೆಕೆಂಡು ಕೆಳಗೆ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭವಾಗುತ್ತಾ ಬಂದರೆ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಳ್ಳೋದು. ಭಾರ ಏರಿದಂತೆ ಎಣಿಕೆ ಹತ್ತಕ್ಕೆ, ಎಂಟಕ್ಕೆ ಇಳಿಯುತ್ತದೆ, ಸುತ್ತು ನಾಲ್ಕು, ಐದಾಗುತ್ತದೆ. ಇದನ್ನು ಡೆನ್ಮಾರ್ಕಿನವರು 48 ಜನರ ಮೇಲೆ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಮೂರು ತಿಂಗಳಲ್ಲಿ ಬರೀ ಎಳೆತ ಮಾಡಿದವರಿಗಿಂತ ಇದನ್ನು ಮಾಡಿದವರು ಚೆನ್ನಾಗಿದ್ದರು, ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಎರಡೂ ಗುಂಪು ಒಂದೇ. ಅಂದರೆ ಇದು ಮಂತ್ರ ಅಲ್ಲ, ಬೇಗ ಮುಟ್ಟಿಸುವ ದಾರಿ. ಮೊದಲ ಮೂರು ವಾರ ನನಗೆ ಏನೂ ಅನ್ನಿಸಲಿಲ್ಲ, ಬಿಟ್ಟುಬಿಡೋಣ ಅಂತಲೇ ಇದ್ದೆ. ಐದನೇ ವಾರ ಒಂದು ದಿನ ಬಚ್ಚಲಿಗೆ ಹೋಗಿ ಹಲ್ಲುಜ್ಜುವಾಗ ಹೊಳೆಯಿತು, ಅರೇ, ಇವತ್ತು ಗೋಡೆ ಹಿಡಿಯಲೇ ಇಲ್ಲ!

ಇಷ್ಟಕ್ಕೂ ಮಕ್ಕಳಿಗೆ ನಾನೇ ಹೇಳುತ್ತಿದ್ದ ಮಾತು ಇದು, ಪೂರ್ತಿ ಕೂರಬೇಡಿ ಅಂತ. ಹೋಬಳಿ ಮಟ್ಟದ ಪಂದ್ಯಕ್ಕೆ ತಯಾರಿ ನಡೆದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕಾಲು ಒಳಕ್ಕೆ ಮಡಚಿ ಉಳುಕಿತು. ಜೊತೆಯವರು ಆಗಲೇ ಎಣ್ಣೆ ಹಚ್ಚಿ ಎಳೆಯಲು ಕೂತಿದ್ದರು, ಓಡಿ ಹೋಗಿ ಬಿಡಿಸಿದೆ. ಹೊಸ ಉಳುಕನ್ನು ನೀವಬಾರದು, ಬಾವು ಇನ್ನೂ ಜಾಸ್ತಿಯಾಗುತ್ತದೆ. ನಾನು ನೋಡೋದು ಎರಡೇ. ನಾಲ್ಕು ಹೆಜ್ಜೆ ನಡೆಯಲು ಆಗುತ್ತದಾ? ಪಾದದ ಗಂಟಿನ ಎರಡೂ ಬದಿಯ ಮೂಳೆಯ ಹಿಂಭಾಗ, ಕಿರುಬೆರಳಿನ ಕಡೆ ಪಾದದ ನಡುವೆ ಉಬ್ಬಿರುವ ಮೂಳೆ, ಒಳಬದಿಯಲ್ಲಿ ಗಂಟಿನ ಮುಂದಿರುವ ಮೂಳೆ, ಇವನ್ನು ಒತ್ತಿದರೆ ಚೀರುತ್ತಾರಾ? ನಡೆಯಲಾಗದಿದ್ದರೆ ಅಥವಾ ಮೂಳೆಯಲ್ಲೇ ನೋವಿದ್ದರೆ ನೇರ ಎಕ್ಸ್‌ರೇಗೆ, ಕಟ್ಟು ಹಾಕುವವರ ಮನೆಗಲ್ಲ. ಅವಳು ಕುಂಟುತ್ತಾ ನಡೆದಳು. ಅಂಗಡಿಯಿಂದ ಐಸ್ ತರಿಸಿ ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲು ಎತ್ತರದಲ್ಲಿ ಇಡಿಸಿದೆ. ಐಸ್ ನೋವಿಗೆ ಮಾತ್ರ. ವಿಶ್ರಾಂತಿ, ಐಸ್, ಕಟ್ಟು, ಎತ್ತರ ಅನ್ನೋ ಸೂತ್ರವನ್ನು 1978ರಲ್ಲಿ ಹೇಳಿದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ 2014ರಲ್ಲಿ ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗೋದನ್ನು ತಡ ಮಾಡಬಹುದು ಅಂದರು. ಮೂರನೇ ದಿನದಿಂದ ನೋವು ತಡೆಯುವಷ್ಟು ನಡೆಸಿದೆ. ಆಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಲು ಹೇಳಿದೆ, ಮತ್ತೆ ಮತ್ತೆ ಉಳುಕದಿರಲು ಅದು ಬೇಕು.

ಹಿಮ್ಮಡಿ ಒಡೆತಕ್ಕೆ ನನ್ನದು ಒಂದೇ ದಾರಿ. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರು, ಒರೆಸಿ ಯೂರಿಯಾ ಇರುವ ಕ್ರೀಮು, ಮೇಲೆ ಕಾಟನ್ ಸಾಕ್ಸ್. ಬೆರಳಸಂದಿಗೆ ಮಾತ್ರ ಕ್ರೀಮು ಬೇಡ, ಮಳೆಗಾಲದಲ್ಲಿ ಮೊದಲೇ ಅಲ್ಲಿ ಕೊಳೆತು ಹುಣ್ಣಾಗುತ್ತದೆ. ಆಣಿಗೆ ಬ್ಲೇಡ್ ಹಾಕಬೇಡಿ.

ಸಕ್ಕರೆ ಕಾಯಿಲೆ ಇರುವವರು ಇಟ್ಟಿಗೆ, ಬಿಸಿನೀರು, ಆಣಿಗೆ ಅಂಟಿಸುವ ಪಟ್ಟಿ ಯಾವುದನ್ನೂ ಸುಮ್ನೆ ಮಾಡಿಕೊಳ್ಳಬಾರದು. ಪಾದಕ್ಕೆ ಸ್ಪರ್ಶ ಕಮ್ಮಿಯಾಗಿದ್ದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಅಮ್ಮನಿಗೆ ಈಗ ಸಕ್ಕರೆ ಇದೆ. ಇಟ್ಟಿಗೆಯನ್ನು ನಾನೇ ತೆಗೆದು ತೆಂಗಿನ ಬುಡಕ್ಕೆ ಹಾಕಿದ್ದೇನೆ. ದಿನಾ ರಾತ್ರಿ ಅವಳ ಅಂಗಾಲನ್ನು ಟಾರ್ಚ್ ಹಾಕಿ ನೋಡುತ್ತೇನೆ. "ನಿನಗೆ ಮಾತ್ರ ಎಕ್ಕದ ಎಲೆ, ನನಗಿಲ್ಲ" ಅಂತ ಬೈಯುತ್ತಲೇ ಕಾಲು ಚಾಚುತ್ತಾಳೆ.