ಸ್ಕಿಮ್ಮರ್ ಕಪ್ಪಿನಲ್ಲಿ ಮಡ್ಡಿ ಕಾಣಲು ಹಿಡಿದ ಏಳು ವಾರ

ಸ್ಕಿಮ್ಮರ್ ಅಂದರೆ ಉಪ್ಪುನೀರಿನ ಮೀನು ಟ್ಯಾಂಕಿನ ಕೊಳೆಯನ್ನು ನೊರೆಯಾಗಿಸಿ ಮೇಲಿನ ಕಪ್ಪಿಗೆ ಎತ್ತಿ ಹಾಕುವ ಯಂತ್ರ. ಅದರ ಕಪ್ಪಿನಲ್ಲಿ ಮೊದಲ ಸಲ ಕೊಳೆ ಕಂಡು, ಅದನ್ನು ಬಿಚ್ಚಿ ಬಚ್ಚಲಿಗೆ ಒಯ್ಯುತ್ತಿದ್ದಾಗ ಮಂಡ್ಯದಿಂದ ಬಂದಿದ್ದ ಅವ್ವ ಇಣುಕಿ ನೋಡಿ, "ಇದೇನ್ಲಾ, ಕೊಪ್ಪರಿಗೆ ಮೇಲಿನ ಮಡ್ಡಿ ಇದ್ದಂಗದೆ" ಅಂದಳು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಮೇಲೇಳುವ ಕೊಳೆ ನೊರೆಯನ್ನು ಎತ್ತಿ ಹಾಕುತ್ತಾರಲ್ಲ, ಅದು. ಅಷ್ಟು ದಿನ ನಾನು ಓದಿದ್ದ ಯಾವ ವಿವರಣೆಯೂ ಇಷ್ಟು ಚೆನ್ನಾಗಿರಲಿಲ್ಲ. ವ್ಯತ್ಯಾಸ ಒಂದೇ, ಇಲ್ಲಿ ಬೆಂಕಿಯಿಲ್ಲ. ಕೆಲಸವೆಲ್ಲ ಗಾಳಿಗುಳ್ಳೆಯದು.

ನನ್ನದು ದೊಡ್ಡ ಟ್ಯಾಂಕೇನಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಹಾಲಿನಲ್ಲಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಕೆಳಗೆ ಕಪಾಟಿನೊಳಗೆ 2 ಅಡಿಯ ಸಂಪ್. (ಸಂಪ್ ಅಂದರೆ ಇಲ್ಲಿನವರಿಗೆ ಕಾವೇರಿ ನೀರಿನ ಗುಂಡಿ ನೆನಪಾಗುತ್ತದೆ. ನಾವು ಹೇಳುವುದು ಟ್ಯಾಂಕಿನ ನೀರು ಪೈಪಲ್ಲಿ ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುವ, ಅಡ್ಡಗೋಡೆಗಳಿಂದ ಕೋಣೆ ಮಾಡಿದ ಗಾಜಿನ ತೊಟ್ಟಿಯನ್ನು.) ಎಲ್ಲ ಸೇರಿ 190 ಲೀಟರ್ ಆಸುಪಾಸು ಉಪ್ಪುನೀರು. ಮೀನುಗಳೆಂದರೆ ಎರಡು ಕ್ಲೌನ್, ನಾಲ್ಕು ಹಸಿರು ಕ್ರೋಮಿಸ್, ಒಂದು ಜಗಳಗಂಟ ಡ್ಯಾಮ್ಸೆಲ್. ಹವಳ ಇಟ್ಟಿಲ್ಲ. ನಮ್ಮ ಕಡಲಿನ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಅದರ ಸಹವಾಸ ಬೇಡವೆಂದು ಒಣ ಕಲ್ಲುಗಳನ್ನೇ ಜೋಡಿಸಿಕೊಂಡೆ.

ಸ್ಕಿಮ್ಮರ್ ಇಲ್ಲದೆ ಒಂದು ವರ್ಷ ನಡೆಸಿದೆ. ಮೀನು ಸಾಯಲಿಲ್ಲ. ಆದರೆ ನೀರಿಗೆ ಹಳದಿ ಛಾಯೆ, ಮೇಲೆ ಸಾರಿನ ಮೇಲೆ ತೇಲುವಂಥ ಜಿಡ್ಡಿನ ಪದರ, ಎರಡು ದಿನಕ್ಕೊಮ್ಮೆ ಗಾಜಿಗೆ ಪಾಚಿ. ಟೆಸ್ಟ್ ಕಿಟ್ಟಿನಲ್ಲಿ ನೈಟ್ರೇಟ್ (ಕೊಳೆ ಕೊನೆಗೆ ಆಗಿ ಉಳಿಯುವ ಲವಣ) ಲೀಟರಿಗೆ 50 ಮಿ.ಗ್ರಾಂ.ನ ಬಣ್ಣಕ್ಕಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ 30 ಲೀಟರ್ ಬದಲಿಸುತ್ತಿದ್ದೆ. ಲೀಟರಿಗೆ 35 ಗ್ರಾಂ ಉಪ್ಪು ಹಿಡಿದರೂ ಪ್ರತಿ ಸಲ ಒಂದು ಕೆಜಿಗೆ ಮೇಲೆ. ಅದು ಅಡುಗೆ ಉಪ್ಪಲ್ಲ, ಆಮದು ಉಪ್ಪು. ಜೇಬೇ ನನ್ನನ್ನು ಸ್ಕಿಮ್ಮರ್ ಕಡೆ ತಳ್ಳಿತು.

ಮೀನಿನ ಸಗಣಿ, ಮಿಕ್ಕ ಮೇವು, ಕೊಳೆತ ಪಾಚಿಯಿಂದ ನೀರಿಗೆ ಕರಗುವ ಪ್ರೋಟೀನು, ಕೊಬ್ಬಿನಂಥ ಅಣುಗಳಿಗೆ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರನ್ನು ಕಂಡರೆ ದೂರ ಸರಿಯುತ್ತದೆ. ಗಾಳಿಗುಳ್ಳೆ ಸಿಕ್ಕರೆ ಅವು ಅದರ ಮೈಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಗುಳ್ಳೆ ಎಷ್ಟು ಸಣ್ಣದೋ, ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು. ಸ್ಕಿಮ್ಮರ್ ಪಂಪಿನ ಚಕ್ರಕ್ಕೆ ರೆಕ್ಕೆಯ ಬದಲು ಮುಳ್ಳುಗಳಿರುವುದು ಇದಕ್ಕೇ, ಗಾಳಿಯನ್ನು ಕೊಚ್ಚಿ ಹಾಲಿನಂಥ ನೊರೆ ಮಾಡುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದಪ್ಪಗಾಗದೆ ಸಣ್ಣದಾಗೇ ಉಳಿಯುತ್ತವೆ. ಸಿಹಿನೀರಿನಲ್ಲಿ ಹಾಗಲ್ಲ, ಗೋಲ್ಡ್‌ಫಿಶ್ ಸಾಕುವವರು ಇದಕ್ಕೆ ದುಡ್ಡು ಹಾಕುವುದು ದಂಡ. ಇನ್ನೊಂದು ಮಾತು, ಸ್ಕಿಮ್ಮರ್ ನೈಟ್ರೇಟನ್ನು ತೆಗೆಯುವುದಿಲ್ಲ. ಕೊಳೆತು ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಆಗುವ ಮೊದಲೇ ಸರಕನ್ನು ಹೊರಗೆ ಹಾಕುತ್ತದೆ, ಅಷ್ಟೇ.

ಡಬ್ಬದ ಮೇಲೆ 400 ಲೀಟರಿಗೆ ಎಂದು ಬರೆದಿದ್ದನ್ನು ತಂದೆ. ಆ ಅಂಕಿಗಳನ್ನು ನಾನು ಅರ್ಧಕ್ಕೆ ಇಳಿಸಿಯೇ ಓದುತ್ತೇನೆ. ಹೊಸ ಪ್ಲಾಸ್ಟಿಕ್ಕಿಗೆ ಕಾರ್ಖಾನೆಯ ಜಿಡ್ಡು ಇರುತ್ತದೆಂದು ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ಓಡಿಸಿ, ತೊಳೆದು, ಸಂಪಿನಲ್ಲಿಟ್ಟೆ. ಬುಡದಲ್ಲಿ ಬಿಳಿ ನೊರೆ ತುಂಬಿತು, ಕಪ್ಪಿಗೆ ಹತ್ತುವ ಕುತ್ತಿಗೆಯ ತನಕ ಬಂತು, ಅಲ್ಲೇ ನಿಂತಿತು. ಒಂದು ದಿನ, ಎರಡು ದಿನ, ಒಂದು ವಾರ. ಕಪ್ಪು ಒಣಗಿಕೊಂಡೇ ಇತ್ತು.

ಹೊಸ ಸ್ಕಿಮ್ಮರಿನ ಒಳಗೋಡೆಗೆ ತೆಳು ಲೋಳೆ ಹಿಡಿಯುವ ತನಕ ನೊರೆ ಗಟ್ಟಿಯಾಗಿ ಮೇಲೇರುವುದಿಲ್ಲ, ಕೆಲವು ದಿನದಿಂದ ಎರಡು ವಾರದ ತನಕ ಹಿಡಿಯುತ್ತದೆ. ಓದಿ ಗೊತ್ತಿತ್ತು. ಆದರೂ ಕೈ ಸುಮ್ಮನಿರಬೇಕಲ್ಲ. ಆಫೀಸಿಂದ ಬಂದ ಕೂಡಲೇ ನೊರೆಯ ಎತ್ತರ ಹೊಂದಿಸುವ ವಾಲ್ವ್ ತಿರುಗಿಸುವುದು, ಊಟವಾದ ಮೇಲೆ ಇನ್ನೊಮ್ಮೆ, ಮಲಗುವ ಮುಂಚೆ ಮತ್ತೊಮ್ಮೆ. ಈಗ ನನ್ನ ಕಟ್ಟಳೆ ಇದು: ಒಂದು ಸಲ ಕಾಲು ಸುತ್ತು ತಿರುಗಿಸಿದರೆ ಮಾರನೆಯ ದಿನದ ತನಕ ಮುಟ್ಟುವಂತಿಲ್ಲ.

ಮೂರನೇ ವಾರದಿಂದ ಹೊಸ ಕಾಟ. ರಾತ್ರಿ ನೊರೆ ಕೆಳಗಿಳಿದು ಸತ್ತಂತಿರುತ್ತಿತ್ತು. ಬೆಳಿಗ್ಗೆ ನಾನು ಇಳಿದ ನೀರು ತುಂಬಲು ಸಂಪಿಗೆ ಆರ್‌ಒ ನೀರು ಸುರಿದ ಹತ್ತೇ ನಿಮಿಷಕ್ಕೆ ಕಪ್ಪಿನ ತುಂಬ ತಿಳಿನೀರು. ಮೆಷಿನ್ ಕೆಟ್ಟಿದೆ ಎಂದೇ ತೀರ್ಮಾನಿಸಿ, ಬಿಲ್ಲು ಹುಡುಕಿಟ್ಟುಕೊಂಡಿದ್ದೆ. ಆಮೇಲೊಂದು ಭಾನುವಾರ ಸಂಪಿನ ಗಾಜಿಗೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ನೋಡಿದಾಗ ವಿಷಯ ಹೊಳೆಯಿತು. ಜಾಗ ಉಳಿಸಲು ಸ್ಕಿಮ್ಮರನ್ನು ನಾನು ಇಟ್ಟಿದ್ದು ಮೇಲೆ ನೀರು ಕಳಿಸುವ ಪಂಪು ಇರುವ ಕೊನೆಯ ಕೋಣೆಯಲ್ಲಿ. ಟ್ಯಾಂಕಿನಿಂದ ಆವಿಯಾಗಿ ಹೋಗುವ ನೀರಿನ ಲೆಕ್ಕವೆಲ್ಲ ಬಂದು ಕಾಣುವುದು ಆ ಕೋಣೆಯಲ್ಲೇ. ಅದರ ಅಳತೆ 24 ಸೆಂ.ಮೀ. ಗುಣಿಸು 30. ಮಾರ್ಚ್ ಬಿಸಿಲು, ಮೇಲೆ ಫ್ಯಾನು, ದಿನಕ್ಕೆ ಎರಡೂವರೆ ಲೀಟರ್ ಆವಿಯಾಗುತ್ತಿತ್ತು. ಅಂದರೆ ಅಲ್ಲಿ ನೀರು ದಿನಕ್ಕೆ ಮೂರೂವರೆ ಸೆಂ.ಮೀ. ಇಳಿಯುತ್ತದೆ, ನಾನು ಸುರಿದಾಗ ಒಮ್ಮೆಲೇ ಏರುತ್ತದೆ. ಹೊರಗಿನ ಮಟ್ಟ ಇಳಿದರೆ ಸ್ಕಿಮ್ಮರಿನ ಒಳಗಿನ ಮಟ್ಟವೂ ಇಳಿಯುತ್ತದೆ. ಪಾಪ, ಮೆಷಿನ್ನಿನ ತಪ್ಪೇನೂ ಇರಲಿಲ್ಲ.

ಮೊದಲ ಕೋಣೆಯಲ್ಲಿ ನೀರು ಗಾಜಿನ ಅಡ್ಡಗೋಡೆ ಹತ್ತಿ ಹರಿಯುವುದರಿಂದ ಮಟ್ಟ ಬದಲಾಗುವುದಿಲ್ಲ. ಆದರೆ ಆ ಗೋಡೆ 12 ಇಂಚು ಎತ್ತರವಿತ್ತು, ಸ್ಕಿಮ್ಮರಿಗೆ ಬೇಕಾದದ್ದು 16ರಿಂದ 20 ಸೆಂ.ಮೀ. ಆಳ. ಅಡಿಗೆ ಪೀಠ ಕೊಟ್ಟು ಎತ್ತಿದೆ. ಸ್ಕಿಮ್ಮರಿನ ಕಪ್ಪು ಹೋಗಿ ಕಪಾಟಿನ ಮೇಲ್ಹಲಗೆಗೆ ತಗುಲಿ, ಬಿಚ್ಚಲು ಜಾಗವೇ ಇಲ್ಲ. ಕೊನೆಗೆ ಸಂಪ್ ಖಾಲಿ ಮಾಡಿ, ಹಳೇ ಗೋಡೆಯನ್ನು ಬ್ಲೇಡಿನಿಂದ ಬಿಡಿಸಿ, ಗಾಜಿನಂಗಡಿಯಲ್ಲಿ 8 ಇಂಚಿನದನ್ನು ಕತ್ತರಿಸಿಕೊಂಡು ಬಂದು ಸಿಲಿಕೋನಿನಲ್ಲಿ ಕೂರಿಸಿದೆ. ಸಿಲಿಕೋನ್ ಕೊಳ್ಳುವಾಗ ಬಚ್ಚಲಿಗೆ ಹಾಕುವ, ಬೂಷ್ಟು ತಡೆಯುವ ಔಷಧಿ ಬೆರೆಸಿದ್ದು ಬೇಡ, ಮೀನಿಗೆ ವಿಷ. ಒಣಗಲು ಎರಡು ದಿನ ಬಿಟ್ಟೆ, ಅಷ್ಟೂ ಹೊತ್ತು ಮೇಲಿನ ಟ್ಯಾಂಕಿನಲ್ಲಿ ನೀರನ್ನು ಕಲಕುವ ವೇವ್‌ಮೇಕರ್ ಓಡುತ್ತಿತ್ತು. ಟೈಲ್ಸ್ ತುಂಡುಗಳನ್ನು ಎರಡು ಸೆಂ.ಮೀ. ದಪ್ಪಕ್ಕೆ ಜೋಡಿಸಿ ಅದರ ಮೇಲೆ ಸ್ಕಿಮ್ಮರ್ ಇಟ್ಟರೆ ನೀರಿನ ಆಳ ಸರಿಯಾಗಿ 18 ಸೆಂ.ಮೀ. ನಾಲ್ಕನೆಯ ದಿನ ಕಪ್ಪಿನ ತಳದಲ್ಲಿ ಎರಡು ಬೆರಳು ಡಿಕಾಕ್ಷನ್ ಬಣ್ಣದ ನೀರು. ವಾಸನೆ ಮಾತ್ರ ಮಾರನೇ ದಿನದ ಮೀನು ಮಾರ್ಕೆಟ್ಟಿನದು. ಅವ್ವ ನೋಡಿದ್ದು ಆಗಲೇ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಒಂದು ಭಾನುವಾರ ಎಣ್ಣೆಸ್ನಾನ ಮಾಡಿ ಬಂದು ಸಂಪಿಗೆ ಕೈ ಹಾಕಿದೆ. ಸೋಪು ಹಾಕಿ ತೊಳೆದಿದ್ದರೂ ಮೊಣಕೈ ಹತ್ತಿರ ಕೊಬ್ಬರಿ ಎಣ್ಣೆ ಉಳಿದಿತ್ತು ಕಾಣುತ್ತೆ. ಅರ್ಧ ಗಂಟೆಯಲ್ಲಿ ನೊರೆ ಕುಸಿಯಿತು, ಮತ್ತೆ ಎದ್ದದ್ದು ಮಾರನೇ ಸಂಜೆ. ಕಲ್ಲು ಅಂಟಿಸುವ ಪುಟ್ಟಿಯದು ಇದಕ್ಕೆ ತಿರುಗುಮುರುಗು. ಕಳಚಿದ ಕಲ್ಲೊಂದನ್ನು ಅಕ್ವೇರಿಯಂ ಪುಟ್ಟಿಯಿಂದ ಅಂಟಿಸಿ ಮಲಗಿದರೆ, ಬೆಳಿಗ್ಗೆ ಕಪ್ಪು ಉಕ್ಕಿ ಕಪಾಟಿನ ಹಲಗೆಯೆಲ್ಲ ಉಪ್ಪುನೀರು. ಹಾಲು ಉಕ್ಕಿದರೆ ಶುಭ ಅನ್ನುತ್ತಾರೆ, ಇದಕ್ಕೆ ಏನನ್ನುತ್ತಾರೋ. ಇಳಿದ ನೀರನ್ನು ತಾನೇ ತುಂಬುವ ಫ್ಲೋಟ್ ಇಟ್ಟವರಿಗೆ ಅಪಾಯ ಇನ್ನೂ ಹೆಚ್ಚು: ಹೊರಗೆ ಹೋಗುವುದು ಉಪ್ಪುನೀರು, ಒಳಗೆ ಬರುವುದು ಸಿಹಿನೀರು, ಸಾಂದ್ರತೆ 1.025ರಿಂದ ಸದ್ದಿಲ್ಲದೆ ಇಳಿಯುತ್ತದೆ. ಈಗ ಪುಟ್ಟಿ ಹಚ್ಚಿದ ದಿನ, ಕ್ಲೋರಿನ್ ಕಳೆಯುವ ಔಷಧಿ ಹಾಕಿದ ದಿನ ಸ್ಕಿಮ್ಮರ್ ಬಂದ್.

ಕರೆಂಟು ಹೋದಾಗಲೂ ಹೀಗೇ. ಪಂಪು ನಿಂತರೆ ಮೇಲಿನ ನೀರು ಸಂಪಿಗೆ ಇಳಿದು ಸ್ಕಿಮ್ಮರ್ ಮುಳುಗುತ್ತದೆ, ಕರೆಂಟು ಬಂದ ತಕ್ಷಣ ಉಕ್ಕುತ್ತದೆ. ಮೇಲೆ ಕಳಿಸುವ ಪಂಪನ್ನು ಇನ್ವರ್ಟರಿಗೆ ಹಾಕಿ, ಸ್ಕಿಮ್ಮರನ್ನು ನೇರ ಕರೆಂಟಿಗೆ ಬಿಟ್ಟೆ, ತೊಂದರೆ ತಪ್ಪಿತು. ಇನ್ವರ್ಟರ್ ಸೈನ್ ವೇವ್ ಇರಲಿ, ಹಳೇ ಸ್ಕ್ವೇರ್ ವೇವಿನದರಲ್ಲಿ ಪಂಪು ದುಂಬಿಯಂತೆ ಗುಂಯ್‌ಗುಡುತ್ತದೆ.

ಸ್ಕಿಮ್ಮರ್ ದಿನವಿಡೀ ಮನೆಯ ಗಾಳಿಯನ್ನು ನೀರಿಗೆ ಎಳೆಯುತ್ತದೆ ಎನ್ನುವುದು ನನಗೆ ಹೊಳೆದದ್ದು ಅವ್ವ ಶುಕ್ರವಾರ ಸಾಂಬ್ರಾಣಿ ಹಾಕಿದಾಗ. ಹಾಲಿನಲ್ಲಿ ಸೊಳ್ಳೆ ಲಿಕ್ವಿಡ್ಡೂ ಇತ್ತು. ಆ ಲಿಕ್ವಿಡ್ಡಿನಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಔಷಧಿ ಮೀನಿಗೆ ಬಹಳ ಕೆಟ್ಟದ್ದು. ಲಿಕ್ವಿಡ್ ತೆಗೆದು ಪರದೆ ಕಟ್ಟಿದೆ, ಗಾಳಿಯ ಕೊಳವೆಗೆ ಎರಡು ಮೀಟರ್ ಪೈಪ್ ಸೇರಿಸಿ ಕಿಟಕಿಯಾಚೆ ಬಿಟ್ಟೆ. ಬೆಳಗಿನ ಜಾವ 7.8ಕ್ಕೆ ಇಳಿಯುತ್ತಿದ್ದ ಪಿಎಚ್ 8ರ ಮೇಲೆ ನಿಲ್ಲತೊಡಗಿತು. ಮುಚ್ಚಿದ ಮನೆಯಲ್ಲಿ ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನೇ ಅದು ಕುಡಿಯುತ್ತಿತ್ತು.

ಕಪ್ಪಿನ ನೀರನ್ನು ಗಿಡಕ್ಕೆ ಹಾಕಬೇಡಿ. "ಒಳ್ಳೇ ಗೊಬ್ರ, ಯಾಕ್ ಚೆಲ್ತೀಯೆ" ಅಂತ ಅವ್ವ ದಾಸವಾಳದ ಕುಂಡಕ್ಕೆ ನಾಲ್ಕು ದಿನ ಸುರಿದಳು. ಗೊಬ್ಬರ ಹೌದು, ಜೊತೆಗೆ ಸಮುದ್ರದಷ್ಟು ಉಪ್ಪೂ ಹೌದು. ಎಲೆಯೆಲ್ಲ ಉದುರಿತು.

ಎರಡು ತಿಂಗಳಿಗೆ ನೀರಿನ ಹಳದಿ ಹೋಯಿತು, ಮೇಲಿನ ಜಿಡ್ಡು ಹೋಯಿತು, ನೈಟ್ರೇಟ್ 20ರ ಹತ್ತಿರ ಬಂದಿದೆ. ನೀರು ಬದಲಿಸುವುದು ಈಗ ತಿಂಗಳಿಗೊಮ್ಮೆ. ವಾರಕ್ಕೆರಡು ಸಲ ಕಪ್ಪಿನ ಕುತ್ತಿಗೆಯ ಒಳಗನ್ನು ಬಟ್ಟೆಯಿಂದ ಒರೆಸುತ್ತೇನೆ, ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಹತ್ತುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಂಪು ಬಿಚ್ಚಿ ವಿನೆಗರಿನಲ್ಲಿ ನೆನೆಹಾಕುತ್ತೇನೆ. ಮೊನ್ನೆ ನೊರೆ ಇದ್ದಕ್ಕಿದ್ದಂತೆ ದಪ್ಪಗುಳ್ಳೆಯಾಗಿ ಕೆಳಗಿಳಿದಾಗ ಯಾವ ವಾಲ್ವನ್ನೂ ಮುಟ್ಟಲಿಲ್ಲ. ಗಾಳಿ ಎಳೆಯುವ ತೂತಿನಲ್ಲಿ ಉಪ್ಪು ಕಟ್ಟಿಕೊಂಡಿತ್ತು. ಕೊಳವೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಅದ್ದಿದೆ, ನೀರು ಸೊರ್ರೆಂದು ಒಳಗೆ ಹೋಯಿತು, ಸಂಜೆಯ ಹೊತ್ತಿಗೆ ನೊರೆ ಮತ್ತೆ ಕುತ್ತಿಗೆಗೆ ಬಂದಿತ್ತು.