ಕೀಟನಾಶಕ ಸಿಂಪಡಿಸುವ ಮುನ್ನ ಹುಳುವಿನ ಮೈಯನ್ನೊಮ್ಮೆ ನೋಡಿ

ಎಲೆಕೋಸಿನ ಎಲೆಯನ್ನು ಮಗುಚಿದಾಗ, ಅಲುಗಾಡದೆ ಕುಳಿತ ಚಿಟ್ಟೆಯ ಹಸಿರು ಹುಳುವಿನ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಹಳದಿ ಗೂಡುಗಳ ಗುಂಪು ಕಂಡರೆ, ಹುಳುವಿನ ಮೊಟ್ಟೆಗಳೆಂದು ತಿಳಿದು ಹೊಸಕಿಬಿಡುವವರಿದ್ದಾರೆ. ಮೊಟ್ಟೆ ಇಡುವುದು ಚಿಟ್ಟೆಯೇ ಹೊರತು ಹುಳುವಲ್ಲ. ಅವು ಕೊಟೇಸಿಯಾ ಎಂಬ ಪುಟ್ಟ ಪರತಂತ್ರ ಕಣಜದ, ಅಂದರೆ ಬೇರೆ ಕೀಟದ ಮೈಯನ್ನೇ ಉಂಡು ಬೆಳೆದು ಅದನ್ನು ಕೊಲ್ಲುವ ಕಣಜದ, ಗೂಡುಗಳು. ತಾಯಿ ಕಣಜವು ಎಳೆಯ ಹುಳುವಿನ ಮೈಯೊಳಗೆ ಇಟ್ಟ ಮೊಟ್ಟೆಗಳು ಒಡೆದು, ಮರಿಗಳು ಅದರ ಮೈರಸವನ್ನೇ ಉಂಡು ಬೆಳೆದು, ಕೊನೆಗೆ ಚರ್ಮವನ್ನು ತೂತು ಮಾಡಿ ಹೊರಬಂದು ನೂಲು ಸುತ್ತಿಕೊಂಡಿರುತ್ತವೆ. ಆ ಹುಳು ಮುಂದೆ ಚಿಟ್ಟೆಯಾಗುವುದಿಲ್ಲ.

ಎಲ್ಲ ಪರತಂತ್ರ ಕೀಟಗಳೂ ಇಷ್ಟು ಸುಲಭವಾಗಿ ಗುರುತು ಸಿಗುವುದಿಲ್ಲ. ಹುಳುವಿನ ಮೈಮೇಲೆ ಬಿಳಿ ಮೊಟ್ಟೆಗಳು ಅಂಟಿದ್ದರೆ ಅದು ಟ್ಯಾಕಿನಿಡ್ ನೊಣದ ಕೆಲಸವಿರಬಹುದು. ಪತಂಗದ ಮೊಟ್ಟೆಗಳೇ ಕಪ್ಪಾಗಿದ್ದರೆ, ಒಳಗೆ ಟ್ರೈಕೋಗ್ರಾಮಾ ಕಣಜ ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು.

ಹೊರಗೆ ಯಾವ ಗುರುತೂ ಇಲ್ಲದಿದ್ದರೆ ಹುಳುಗಳನ್ನು ಸಾಕಿಯೇ ನೋಡಬೇಕು. ಹೊಲದ ಅಂಚಿನಲ್ಲಷ್ಟೇ ಅಲ್ಲದೆ ನಡುವೆಯೂ ಓಡಾಡಿ, ಇಪ್ಪತ್ತು ಮೂವತ್ತು ಹುಳುಗಳನ್ನು ಕೈಗೆ ಸಿಕ್ಕಂತೆ ಹಿಡಿಯಿರಿ. ದಪ್ಪನೆಯವನ್ನೇ ಆರಿಸಿದರೆ ಲೆಕ್ಕ ತಪ್ಪುತ್ತದೆ. ತಳಕ್ಕೆ ಕಾಗದ ಹಾಸಿದ ಬಾಟಲಿಗಳಲ್ಲಿ ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ನೆರಳಿನಲ್ಲಿಡಿ. ದಿನವೂ ಔಷಧಿ ತಾಗದ ಹೊಸ ಎಲೆ ಹಾಕಿ, ಹಿಕ್ಕೆ ಮತ್ತು ತೇವವನ್ನು ತೆಗೆಯಿರಿ, ಇಲ್ಲವಾದರೆ ಬೂಷ್ಟು ಹಿಡಿದು ಹುಳುಗಳು ಸಾಯುತ್ತವೆ. ಕಾಯಿಕೊರಕವಾದರೆ ಒಂದು ಬಾಟಲಿಗೆ ಒಂದೇ ಹುಳು ಇರಲಿ. ಅವು ಒಂದನ್ನೊಂದು ತಿನ್ನುತ್ತವೆ, ನಾನಿದನ್ನು ಕಲಿತದ್ದು ಬೆಳಗಾಗುವಷ್ಟರಲ್ಲಿ ಬಾಟಲಿಯಲ್ಲಿ ಒಂದೇ ಹುಳು ಉಳಿದಾಗ.

ಒಂದೆರಡು ವಾರಗಳಲ್ಲಿ ಎಷ್ಟು ಹುಳುಗಳಿಂದ ಕಣಜ ಅಥವಾ ನೊಣ ಹೊರಬಂತೆಂದು ಎಣಿಸಿ. ಸಂಖ್ಯೆ ಗಣನೀಯವಾಗಿದ್ದು, ಬೆಳೆ ಆ ಹಾನಿಯನ್ನು ತಾಳಬಲ್ಲದಾದರೆ ಸಿಂಪಡಣೆಯನ್ನು ಮುಂದೂಡುವುದೇ ಲೇಸು. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಪರತಂತ್ರ ಕೀಟ ಹೊಕ್ಕ ಹುಳು ಆ ಕ್ಷಣವೇ ಮೇಯುವುದನ್ನು ಬಿಡುವುದಿಲ್ಲ, ಆದ್ದರಿಂದ ಕಣಜದ ಉಪಕಾರ ಮುಖ್ಯವಾಗಿ ಕಾಣುವುದು ಹುಳುಗಳ ಮುಂದಿನ ಪೀಳಿಗೆಯಲ್ಲಿ. ಹಾನಿಯನ್ನು ಇಂದೇ ತಡೆಯಲೇಬೇಕಾಗಿದ್ದರೆ, ಸಿಕ್ಕ ಕೀಟಗಳನ್ನೆಲ್ಲ ಕೊಲ್ಲುವ ಕೀಟನಾಶಕದ ಬದಲು ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ಎಂಬ, ಎಲೆಯೊಂದಿಗೆ ತಿಂದ ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಸಿಂಪಡಣೆಯನ್ನು ಆರಿಸಿ. ಅದು ಹಾರಾಡುವ ಕಣಜಗಳನ್ನು ಉಳಿಸುತ್ತದೆ, ಹುಳುವಿನೊಳಗಿನ ಮರಿಗಳು ಮಾತ್ರ ಅದರೊಂದಿಗೆ ಸಾಯಬಹುದು.

ಬಾಟಲಿಯಲ್ಲಿ ಹೊರಬಂದ ಕಣಜಗಳನ್ನು ಸಂಜೆ ಹೊಲಕ್ಕೇ ಒಯ್ದು, ಬದುವಿನಲ್ಲಿ ಹೂಬಿಟ್ಟ ಕೊತ್ತಂಬರಿ ಅಥವಾ ಸಬ್ಬಸಿಗೆಯ ಬಳಿ ಬಟ್ಟೆ ಬಿಚ್ಚಿ ಬಿಡಿ. ಇಂಥ ಸಣ್ಣ ತೆರೆದ ಹೂಗಳ ಮಕರಂದ ಅವುಗಳ ಗಿಡ್ಡ ಬಾಯಿಗೂ ಎಟುಕುತ್ತದೆ.